ಮಕ್ಕಳ ಕಲಾಶಿಬಿರವೂ ಕಾಯಕತತ್ತ್ವವೂ

ಕಾಯಕವೆಂಬ ಪದವನ್ನು ಕೇಳಿದೊಡನೆ ಸದ್ಗೃಹಸ್ಥನ ಮನಸ್ಸಿಗೆ ಹೊಲ, ಮಗ್ಗ, ಅಂಗಡಿ, ಕಚೇರಿಗಳು ಹೊಳೆಯುವುದು ಸಹಜ. ಹಗ್ಗ ಹೊಸೆದ ಚಂದಯ್ಯನೂ, ದೋಣಿ ನಡೆಸಿದ ಚೌಡಯ್ಯನೂ, ಬಟ್ಟೆ ಮಡಿಮಾಡಿದ ಮಾಚಯ್ಯನೂ ಆಗ ನೆನಪಿಗೆ ಬರುತ್ತಾರೆ. ಆದರೆ ಕಲ್ಯಾಣದ ಶರಣಸಮೂಹದಲ್ಲಿ ಇನ್ನೊಂದು ಬಗೆಯ ಕಾಯಕಜೀವಿಗಳೂ ಇದ್ದರೆಂಬುದನ್ನು ಜನರು ಅಷ್ಟಾಗಿ ಸ್ಮರಿಸುವುದಿಲ್ಲ. ಬಹುರೂಪಿ ಚೌಡಯ್ಯನು ವೇಷ ಧರಿಸಿ ಜನರೆದುರು ಆಡಿ ಬದುಕಿದವನು. ನಗೆಯ ಮಾರಿತಂದೆಯು ಜನರನ್ನು ನಗಿಸುವುದನ್ನೇ ಕಾಯಕ ಮಾಡಿಕೊಂಡವನು. ಢಕ್ಕೆಯ ಬೊಮ್ಮಣ್ಣನು ಢಕ್ಕೆ ಬಾರಿಸಿದನು. ಕಿನ್ನರಿ ಬ್ರಹ್ಮಯ್ಯನು ಕಿನ್ನರಿ ನುಡಿಸಿದನು. ಇವರೆಲ್ಲರಿಗೂ ಮಿಗಿಲಾಗಿ, ಅನುಭವಮಂಟಪದ ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುವು ಪೂರ್ವಾಶ್ರಮದಲ್ಲಿ ಮದ್ದಳೆಯ ಕಲೆಯನ್ನು ಬಲ್ಲವನಾಗಿದ್ದನೆಂದು ಹರಿಹರನ ರಗಳೆಯೂ ಹೇಳುತ್ತದೆ, ಚಾಮರಸನ ಪ್ರಭುಲಿಂಗಲೀಲೆಯೂ ಹೇಳುತ್ತದೆ. ಕಥೆಯ ಬೇರೆ ವಿವರಗಳಲ್ಲಿ ಆ ಇಬ್ಬರು ಕವಿಗಳಿಗೂ ಭೇದವುಂಟು. ಮದ್ದಳೆಯ ವಿಷಯದಲ್ಲಿ ಮಾತ್ರ ಇಲ್ಲ.

ವೇಷ ಹಾಕುವುದು, ನಗಿಸುವುದು, ವಾದ್ಯ ನುಡಿಸುವುದು ಇವು ಹೊಟ್ಟೆ ತುಂಬಿದವರ ವಿನೋದಗಳೆಂದು ಕಲ್ಯಾಣದವರು ಬಗೆದಿದ್ದರೆ ಬಹುರೂಪಿಗೂ ನಗೆಗಾರನಿಗೂ ಶರಣರ ಸಾಲಿನಲ್ಲಿ ಸ್ಥಾನ ದೊರೆಯುತ್ತಿರಲಿಲ್ಲ; ಅವರ ವಚನಗಳು ಉಳಿದುಬರುತ್ತಲೂ ಇರಲಿಲ್ಲ. ಅಲ್ಲಿ ಕೇಳಲ್ಪಟ್ಟ ಪ್ರಶ್ನೆಗಳು ಎರಡೇ: ಮಾಡುವ ಕೆಲಸವು ಮನಃಪೂರ್ವಕವಾಗಿದೆಯೇ? ಅದರಿಂದ ಬಂದುದು ದಾಸೋಹಕ್ಕೆ ಸಲ್ಲುತ್ತಿದೆಯೇ? ಕಮ್ಮಾರನಿಗೂ ಇವೇ ಪ್ರಶ್ನೆಗಳು, ನಟನಿಗೂ ಇವೇ ಪ್ರಶ್ನೆಗಳು.

ಈ ಮಾತನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಏಪ್ರಿಲ್ ತಿಂಗಳಲ್ಲಿ ಪರೀಕ್ಷೆಗಳು ಮುಗಿದು ಶಾಲೆಗಳಿಗೆ ಬಿಡುವಾದೊಡನೆ ನಾಡಿನ ಅನೇಕ ಊರುಗಳಲ್ಲಿ ಮಕ್ಕಳಿಗಾಗಿ ಬೇಸಿಗೆಯ ಕಲಾಶಿಬಿರಗಳು ನಡೆಯುತ್ತವೆ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂತಹವುಗಳಲ್ಲಿ ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. ವಸತಿಶಿಬಿರದ ರೀತಿ ಬೇರೆ. ಅಲ್ಲಿ ಮಗುವು ಹತ್ತು ಹದಿನೈದು ದಿನ ತಾಯಿಯ ಮಡಿಲನ್ನೂ ಮನೆಯ ಅನ್ನವನ್ನೂ ಬಿಟ್ಟು, ಪರಿಚಯವಿಲ್ಲದ ಮಕ್ಕಳ ನಡುವೆ ಉಣ್ಣಬೇಕು, ಮಲಗಬೇಕು, ಎದ್ದೇಳಬೇಕು. ಹಾಡು, ಚಿತ್ರ, ಮಣ್ಣಿನ ಕೆಲಸ, ನಾಟಕಗಳು ಶಿಬಿರದ ವೇಳಾಪತ್ರಿಕೆಯಲ್ಲಿ ಅಚ್ಚಾಗಿರುತ್ತವೆ. ಉಣ್ಣುವುದು, ಮಲಗುವುದು, ಎದ್ದೇಳುವುದು ಅದರಲ್ಲಿ ಪಾಠವೆಂದು ಅಚ್ಚಾಗಿರುವುದಿಲ್ಲ. ಹೆಚ್ಚಿನ ಕಲಿಕೆ ನಡೆಯುವುದಾದರೋ ಅಲ್ಲಿಯೇ.

ದೃಷ್ಟಾಂತವಾಗಿ ಒಂದು ಮನೆಯ ಸಂಗತಿಯನ್ನು ನೋಡಬಹುದು. ರಾಣೇಬೆನ್ನೂರಿನ ಕಡೆಯ ಒಬ್ಬ ಅಡತಿ ವ್ಯಾಪಾರಿ. ದೈವಭಕ್ತನು, ಮಠಕ್ಕೆ ನಡೆದುಕೊಳ್ಳುವವನು. ಅವನಿಗೆ ಹತ್ತು ವರ್ಷದ ಮಗನಿದ್ದನು. ರಜೆ ಬಂದರೆ ಹುಡುಗನು ಮೊಬೈಲ್ ಫೋನನ್ನು ಹಿಡಿದು ಮೂಲೆಗೆ ಸೇರುತ್ತಾನೆಂಬುದು ತಾಯಿಯ ಕೊರಗು. ಮಠದ ಶಾಲೆಯ ಆವರಣದಲ್ಲಿ ಹದಿನೈದು ದಿನಗಳ ವಸತಿಶಿಬಿರ ನಡೆಯುವುದೆಂಬ ಕರಪತ್ರ ಬಂದಾಗ ತಂದೆಯು ಒಡನೆಯೇ ಹಣ ಕಟ್ಟಿದನು. ಒಪ್ಪದವಳು ಅಜ್ಜಿ. “ನಾಟಕದವರ ಸಂಗ ಯಾಕಪ್ಪಾ? ಹುಡುಗನಿಗೆ ಮೊನ್ನೆ ಮೊನ್ನೆ ಲಿಂಗದೀಕ್ಷೆಯಾಗಿದೆ. ಅಲ್ಲಿ ಅವನ ಪೂಜೆ ಯಾರು ನೋಡುತ್ತಾರೆ?” ಎಂದು ಅವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮುದುಕಿಯ ಈ ಮಾತನ್ನು ನಕ್ಕು ತಳ್ಳಿಹಾಕುವುದು ಸುಲಭ, ಯೋಗ್ಯವಲ್ಲ. ನಾಟಕದವರೆಂದರೆ ಮನೆತನದವರಲ್ಲ, ಹಾಡುವವರೆಂದರೆ ದುಡಿಯಲಾರದವರು ಎಂಬ ಭಾವನೆಯು ಬಹುಕಾಲದಿಂದ ಬೇರೂರಿದೆ. ಆ ಭಾವನೆಗೆ ತರ್ಕಕ್ಕಿಂತ ನಡೆದ ಸಂಗತಿಗಳೇ ಒಳ್ಳೆಯ ಉತ್ತರ. 1909ರಲ್ಲಿ ಬಾದಾಮಿಯ ಸಮೀಪ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು, ಹುಟ್ಟುಗುರುಡರಾಗಿದ್ದ ಇಬ್ಬರು ಸೋದರ ಬಾಲಕರ ಕಂಠವನ್ನು ಕೇಳಿ ಅವರಿಗೆ ಸಂಗೀತವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದರು. ಅವರಲ್ಲೊಬ್ಬರು ಮುಂದೆ ಪಂಚಾಕ್ಷರ ಗವಾಯಿಗಳೆಂದು (1892–1944) ವಿಖ್ಯಾತರಾದರು. ಅವರೂ, ಅವರ ತರುವಾಯ ಪುಟ್ಟರಾಜ ಗವಾಯಿಗಳೂ (1914–2010), ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಅನ್ನವಿಟ್ಟು, ವಸತಿಯಿತ್ತು, ಸ್ವರ ಕಲಿಸಿದರು. ಬಸವರಾಜ ರಾಜಗುರುಗಳು ಪಂಚಾಕ್ಷರ ಗವಾಯಿಗಳ ಶಿಷ್ಯರೇ. ಆ ಆಶ್ರಮದ ನಿರ್ವಹಣೆಗೆಂದು ನಾಟಕ ಮಂಡಳಿಯೊಂದನ್ನೂ ನಡೆಸಲಾಯಿತು. ಪುಟ್ಟರಾಜರು ಸ್ವತಃ ನಾಟಕಗಳನ್ನು ರಚಿಸಿದರು. ರಂಗದ ಮೇಲೆ ಬಂದ ಹಣವು ಪಂಕ್ತಿಯಲ್ಲಿ ಕುಳಿತ ಮಕ್ಕಳ ತಟ್ಟೆಗೆ ಅನ್ನವಾಗಿ ಇಳಿಯಿತು. ಬಹುರೂಪಿಯ ಕಾಯಕವನ್ನು ದಾಸೋಹಕ್ಕೆ ಕೂಡಿಸಿದ ಉದಾಹರಣೆ ಇದಕ್ಕಿಂತ ಹತ್ತಿರದಲ್ಲಿ ಬೇಕೇ? ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿ ನಾಟಕ ಮಂಡಳಿಯೊಂದರಲ್ಲಿ ಪಾತ್ರ ಮಾಡಿ ಹಾಡುತ್ತಿದ್ದವರು. ಮಿರಜಿನ ನೀಲಕಂಠಬುವಾ ಅವರು ಅಲ್ಲಿ ಆ ಕಂಠವನ್ನು ಗುರುತಿಸಿ ಶಿಷ್ಯನನ್ನಾಗಿ ಮಾಡಿಕೊಂಡರು. ಮುಂದೆ ಅದೇ ಕಂಠದಿಂದ ನಾಡು ವಚನಗಳನ್ನು ಕೇಳಿತು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಾಖಾಮಠದಲ್ಲಿ 1997ರಲ್ಲಿ ಆರಂಭವಾದ ಶಿವಸಂಚಾರವು ಮಠದ ಅಂಗಳದಿಂದಲೇ ನಾಟಕಗಳನ್ನು ಹೊರಡಿಸಿ ಊರೂರಿಗೆ ಒಯ್ದಿತು. ಇಷ್ಟನ್ನು ತಿಳಿದ ಮೇಲೂ ನಾಟಕದವರ ಸಂಗವೆಂದು ಹಿಂಜರಿಯುವವರಿದ್ದರೆ, ಅವರು ಹಿಂಜರಿಯುತ್ತಿರುವುದು ಮಠಗಳ ಸಂಗಕ್ಕೂ ಹೌದು.

ಪೂಜೆಯ ಮಾತಿಗೆ ಶಿಬಿರದವರು ಕೊಟ್ಟ ಉತ್ತರ ಸರಳವಾಗಿತ್ತು. ಬೆಳಿಗ್ಗೆ ಸ್ನಾನವಾದ ಬಳಿಕ ದೀಕ್ಷೆಯಾದ ಮಕ್ಕಳು ಲಿಂಗಪೂಜೆಗೆ ಕುಳಿತುಕೊಳ್ಳುವರು. ಇತರ ಮತಗಳ ಮಕ್ಕಳು ತಮ್ಮ ಮನೆಯ ಪದ್ಧತಿಯಂತೆ ಪ್ರಾರ್ಥಿಸುವರು, ಇಲ್ಲವೆ ಮೌನವಾಗಿ ಕೂಡುವರು. ಅಜ್ಜಿಯು ಒಲ್ಲದ ಮನಸ್ಸಿನಿಂದಲೇ ವಿಭೂತಿಯ ಗಟ್ಟಿಯೊಂದನ್ನು ಹೊಸ ವಸ್ತ್ರದಲ್ಲಿ ಸುತ್ತಿ ಹುಡುಗನ ಚೀಲದಲ್ಲಿಟ್ಟಳು.

ಮೊದಲ ರಾತ್ರಿ ಹುಡುಗನು ಅತ್ತನು. ಎರಡನೆಯ ರಾತ್ರಿಯೂ ಅತ್ತನು. ಆದರೆ ಪಕ್ಕದ ಹಾಸಿಗೆಯವನೂ ಅಳುತ್ತಿರುವುದನ್ನು ಕೇಳಿ ಸುಮ್ಮನಾದನು. ಫೋನುಗಳನ್ನು ಶಿಬಿರದವರು ಮೊದಲ ದಿನವೇ ತೆಗೆದಿಟ್ಟಿದ್ದರು. ಸಂಜೆ ಒಮ್ಮೆ ಮನೆಯವರೊಡನೆ ಮಾತಾಡಬಹುದಾಗಿತ್ತು. ಮಕ್ಕಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ನೀರು ತುಂಬುವುದು, ಒಂದಕ್ಕೆ ಬೇವಿನ ಮರದ ಕೆಳಗಿನ ಎಲೆ ಗುಡಿಸುವುದು, ಒಂದಕ್ಕೆ ಪಂಕ್ತಿಯಲ್ಲಿ ಬಡಿಸುವುದು ಎಂದು ಸರದಿ ಹಾಕಿದ್ದರು. ಅಡತಿ ಅಂಗಡಿಯವನ ಮಗನು ಅಲ್ಲಿಯವರೆಗೆ ಉಂಡ ತಟ್ಟೆಯನ್ನು ತೊಳೆದವನಲ್ಲ. ಬಡಿಸುವ ಸರದಿ ಬಂದ ದಿನ ತನ್ನ ಪರಿಚಯದವರಿಗೆ ಎರಡೆರಡು ಸೌಟು ಪಾಯಸ ಸುರಿದು, ಪಂಕ್ತಿಯ ಕೊನೆಯ ನಾಲ್ವರಿಗೆ ಬರಿಯ ಪಾತ್ರೆ ತೋರಿಸಿದನು. ಯಾರೂ ಅವನನ್ನು ಗದರಿಸಲಿಲ್ಲ. ಆ ನಾಲ್ವರಲ್ಲಿ ಒಬ್ಬಳು ಅವನ ತಂದೆಯ ಪೇಟೆಯಲ್ಲಿಯೇ ಚೀಲ ಹೊರುವ ಹಮಾಲನ ಮಗಳು. ಅವಳು ಏನೂ ನುಡಿಯದೆ ಮಜ್ಜಿಗೆ ಕುಡಿದು ಎದ್ದಳು. ಮರುದಿನ ಹುಡುಗನು ಬಡಿಸುವ ಮೊದಲು ಪಂಕ್ತಿಯಲ್ಲಿದ್ದ ತಲೆಗಳನ್ನು ಎಣಿಸಿದನಂತೆ. ದಾಸೋಹತತ್ತ್ವದ ಮೇಲೆ ಅನೇಕ ವ್ಯಾಖ್ಯಾನಗಳುಂಟು. ಪಂಕ್ತಿಯ ಕೊನೆಯವನ ತನಕ ಕಣ್ಣು ಹಾಯಿಸುವ ಈ ಅಭ್ಯಾಸವಿಲ್ಲದವನಿಗೆ ಅವುಗಳಿಂದ ಪ್ರಯೋಜನವಿಲ್ಲ.

ಮುಖವಾಡ ಮಾಡುವ ತರಗತಿಯಲ್ಲಿಯೂ ಅವನಿಗೆ ಪೆಟ್ಟುಬಿದ್ದಿತು. ಮಣ್ಣಿನ ಅಚ್ಚಿನ ಮೇಲೆ ಹಳೆಯ ಪತ್ರಿಕೆಯ ಚೂರುಗಳನ್ನು ಮೈದಾಹಿಟ್ಟಿನ ಅಂಟಿನಲ್ಲಿ ಅದ್ದಿ ಒಂದರ ಮೇಲೊಂದು ಪದರಾಗಿ ಹಚ್ಚಬೇಕು. ಐದಾರು ಪದರುಗಳಾದ ಮೇಲೆ ನೆರಳಿನಲ್ಲಿ ಒಣಗಬಿಡಬೇಕು. ಪೂರ್ತಿ ಒಣಗಿದ ಬಳಿಕ ಅಚ್ಚಿನಿಂದ ಬಿಡಿಸಿ ಬಣ್ಣ ಹಾಕಬೇಕು. ಎಲ್ಲರಿಗಿಂತ ಮೊದಲು ಮುಗಿಸುವ ಆತುರದಿಂದ ಅವನು ಅದನ್ನು ಬಿಸಿಲಿಗಿಟ್ಟು ಸಂಜೆಯೇ ಕಿತ್ತನು. ಮೇಲೆ ಒಣಗಿ ಒಳಗೆ ಹಸಿಯಾಗಿದ್ದ ಕಾಗದವು ಕೈಯಲ್ಲಿಯೇ ಮುದುಡಿತು. ಕಲಿಸುವ ಮಾಸ್ತರರು, “ಇದು ಹೀಗೆಯೇ ಆಗುವುದು, ಅಚ್ಚು ಇನ್ನೂ ಚೆನ್ನಾಗಿದೆ, ಮತ್ತೆ ಹಚ್ಚು” ಎಂದಷ್ಟೇ ಹೇಳಿದರು. ಶಾಲೆಯಲ್ಲಿ ತಪ್ಪಿಗೆ ಅಂಕ ಕಳೆಯುತ್ತದೆ. ಇಲ್ಲಿ ತಪ್ಪಿಗೆ ಎರಡು ದಿನ ಕಳೆದವು. ಅಂಕ ಕಳೆದಾಗ ಅಳುವ ಮಕ್ಕಳು ದಿನ ಕಳೆದಾಗ ಅಳುವುದಿಲ್ಲ, ಮತ್ತೆ ಅಂಟು ಕಲಸುತ್ತಾರೆ.

ಶಿಬಿರದ ಕೊನೆಯಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ನಾಟಕವಾಗಿ ಆಡಿಸುವುದೆಂದು ಗೊತ್ತಾಯಿತು. ಕಥೆಯು ಸದ್ಭಕ್ತರಿಗೆ ತಿಳಿದದ್ದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಲೆಗೆ ಹಾಕಲಿಲ್ಲ. ಹಿಂದಕ್ಕೊಯ್ದು ಅಲ್ಲಿಯೇ ಸುರಿದು ಬರಬೇಕೆಂದಳು. ಗಂಡನ ಆಸೆಯನ್ನು ಹೆಂಡತಿಯು ಅಕ್ಕಿಯ ತೂಕದಿಂದಲೇ ಕಂಡುಹಿಡಿದ ಪ್ರಸಂಗವದು. ಲಕ್ಕಮ್ಮನ ಪಾತ್ರಕ್ಕೆ ಹಮಾಲನ ಮಗಳು ಆಯ್ಕೆಯಾದಳು. ಅವಳ ಮಾತು ಸ್ಪಷ್ಟವಾಗಿತ್ತು, ದನಿ ಹಿಂದಿನ ಸಾಲಿನವರೆಗೆ ಮುಟ್ಟುತ್ತಿತ್ತು. ನಮ್ಮ ಕಥೆಯ ಹುಡುಗನು ಮಾರಯ್ಯನಾಗಲು ಆಸೆಪಟ್ಟನು. ಮಾತು ನಾಲಿಗೆಯಲ್ಲಿ ತೊಡರಿತು. ಅವನಿಗೆ ಪರದೆಯ ಹಗ್ಗವನ್ನೂ, ಮೊರ, ಗಡಿಗೆ, ಅಕ್ಕಿಯ ಚೀಲಗಳ ಉಸ್ತುವಾರಿಯನ್ನೂ ಒಪ್ಪಿಸಿದರು. ಮೊದಲ ದಿನ ಅವನು ಮುಖ ಊದಿಸಿಕೊಂಡನು. ಮೂರನೆಯ ದಿನ ಮೊರವನ್ನು ಎಲ್ಲಿಟ್ಟರೆ ಕತ್ತಲೆಯಲ್ಲಿಯೂ ಕೈಗೆ ಸಿಗುವುದೆಂದು ಗುರುತು ಹಾಕಿದನು. ಅಕ್ಕಿಯ ಬದಲು ಮರಳು ಸಾಕೆಂದು ಯಾರೋ ಅಂದಾಗ, ನಿಜವಾದ ಅಕ್ಕಿಯೇ ಬೇಕೆಂದು ಹಟ ಹಿಡಿದು ಅಡುಗೆಮನೆಯ ಅಮ್ಮನಿಂದ ಎರಡು ಸೇರು ಕಡ ತಂದನು. ನಾಟಕ ಮುಗಿದೊಡನೆ ಅಳೆದು ಹಿಂದಿರುಗಿಸುವುದಾಗಿ ಮಾತು ಕೊಟ್ಟನು.

ಇಲ್ಲಿ ಗೃಹಸ್ಥರ ವಿಷಯದಲ್ಲಿ ಒಂದು ಮಾತು ಅವಶ್ಯ. ಶಿಬಿರದ ಕೊನೆಯ ದಿನದ ಪ್ರದರ್ಶನವನ್ನೇ ಶಿಬಿರವೆಂದು ತಿಳಿಯುವ ತಂದೆತಾಯಿಗಳು ಹೆಚ್ಚಾಗುತ್ತಿದ್ದಾರೆ. ತಮ್ಮ ಮಗುವು ಮುಂದಿನ ಸಾಲಿನಲ್ಲಿಲ್ಲವೇಕೆ, ಅದಕ್ಕೆ ಮಾತೆಷ್ಟು, ಪ್ರಮಾಣಪತ್ರದಲ್ಲಿ ಪ್ರಥಮವೋ ದ್ವಿತೀಯವೋ ಎಂಬ ಲೆಕ್ಕಗಳು ಅವರಿಗೆ ಮುಖ್ಯವಾಗುತ್ತವೆ. ದೂರದರ್ಶನದ ಸ್ಪರ್ಧೆಗಳಲ್ಲಿ ಎಳೆಯ ಮಕ್ಕಳನ್ನು ಗೆದ್ದವರು ಸೋತವರು ಎಂದು ವಿಂಗಡಿಸಿ ಅಳಿಸುವುದನ್ನು ನೋಡಿ ನೋಡಿ ಈ ರುಚಿ ಹತ್ತಿರಬೇಕು. ಶಿಬಿರ ನಡೆಸುವವರಲ್ಲಿಯೂ ಕೆಲವರು ಇದಕ್ಕೆ ಮಣಿಯುತ್ತಾರೆ: ಹತ್ತು ದಿನಗಳಲ್ಲಿ ಎಂಟು ದಿನ ಒಂದೇ ನೃತ್ಯವನ್ನು ಅರೆದು ಅರೆದು ಕುಡಿಸಿ, ಒಂಬತ್ತನೆಯ ದಿನ ಬಾಡಿಗೆಯ ಉಡುಪು ತೊಡಿಸಿ, ಹತ್ತನೆಯ ದಿನ ಚಪ್ಪಾಳೆ ಹೊಡೆಸುತ್ತಾರೆ. ಶಿಬಿರವೆಂಬ ಹೆಸರು ಹೊತ್ತುದೆಲ್ಲವೂ ಶಿಬಿರವಲ್ಲ. ಮಗುವನ್ನು ಕಳಿಸುವ ಮೊದಲು ರಾತ್ರಿ ಮಕ್ಕಳೊಡನೆ ಯಾರು ಮಲಗುತ್ತಾರೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ವಸತಿಯೂ ಹೆಂಗಸರ ಮೇಲ್ವಿಚಾರಣೆಯೂ ಇದೆಯೇ, ಕುಡಿಯುವ ನೀರು ಹೇಗೆ, ಜ್ವರ ಬಂದರೆ ವೈದ್ಯರು ಎಷ್ಟು ದೂರ, ಮಗುವು ಮನೆಗೆ ಮಾತಾಡಬೇಕೆಂದಾಗ ಬಿಡುವರೋ ಎಂಬುದನ್ನು ಹೋಗಿ ನೋಡಿಯೇ ಬರಬೇಕು. ವಿಚಾರಿಸಿದರೆ ಬೇಸರಪಡುವವರ ಕೈಗೆ ಮಗುವನ್ನು ಒಪ್ಪಿಸದಿರುವುದೇ ಲೇಸು.

ಕೊನೆಯ ದಿನ ಸಂಜೆ ಅಡತಿ ವ್ಯಾಪಾರಿಯು ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಕಾರಿನಲ್ಲಿ ಬಂದನು. ಮಗನ ಪಾತ್ರದ ಚಿತ್ರ ತೆಗೆಯಲೆಂದು ಮುಂದಿನ ಸಾಲಿನಲ್ಲಿ ಕುಳಿತು ಫೋನನ್ನು ಎತ್ತಿ ಹಿಡಿದನು. ನಾಟಕ ಆರಂಭವಾಯಿತು. ಮಗನು ಕಾಣಲಿಲ್ಲ. ಹಮಾಲನ ಮಗಳು ಲಕ್ಕಮ್ಮನಾಗಿ ಬಂದು ಮೊರ ಹಿಡಿದು ಮಾತಾಡಿದಳು, ಸಭೆ ನಿಶ್ಶಬ್ದವಾಯಿತು. ಮಗನು ಆಗಲೂ ಕಾಣಲಿಲ್ಲ. ಹಿಂದಿನ ಸಾಲಿನಲ್ಲಿ ನಿಂತಿದ್ದ ಹಮಾಲನು ತಲೆಯ ವಸ್ತ್ರವನ್ನು ಕೈಯಲ್ಲಿ ಹಿಡಿದು ಅಲುಗಾಡದೆ ನೋಡುತ್ತಿದ್ದನು. ವ್ಯಾಪಾರಿಯ ಕೈಯಲ್ಲಿದ್ದ ಫೋನು ಕೆಳಗಿಳಿಯಿತು. ಹೇಳಬಾರದ ವಿಚಾರಗಳು ಅವನ ಮನಸ್ಸಿಗೆ ಬಂದವು: ಹಣ ಕಟ್ಟಿದವನು ತಾನು, ಆ ಹುಡುಗಿಯು ಧರ್ಮಾರ್ಥವಾಗಿ ಬಂದವಳು, ತನ್ನ ಮಗನಿಗೆ ಹಗ್ಗ ಜಗ್ಗುವ ಕೆಲಸವೇ? ವರ್ಷವರ್ಷವೂ ಬಸವಜಯಂತಿಯ ವೇದಿಕೆಯ ಮೇಲೆ ನಿಂತು ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಮಾತಾಡಿದವನೇ ಅವನು. ಆ ಮಾತನ್ನು ಆಗ ಸುಳ್ಳಾಗಿ ಆಡಿದ್ದನೆಂದಲ್ಲ. ವೇದಿಕೆಯ ಮೇಲೆ ಆ ಮಾತಿಗೆ ಬೆಲೆ ಕೊಡಬೇಕಾಗಿರಲಿಲ್ಲ, ಅಷ್ಟೆ. ತನ್ನ ಮಗನು ಪರದೆಯ ಹಿಂದೆ ನಿಂತ ರಾತ್ರಿ ಆ ಬೆಲೆಯನ್ನು ಕೇಳಲಾಯಿತು.

ನಾಟಕದ ಕೊನೆಯ ದೃಶ್ಯದಲ್ಲಿ ಮಾರಯ್ಯನ ಪಾತ್ರದವನು ಅಕ್ಕಿಯನ್ನು ಹಿಂದಕ್ಕೆ ಸುರಿಯುವಾಗ ಅವಸರದಿಂದ ಚೀಲವೇ ಜಾರಿ, ಅಕ್ಕಿಯೆಲ್ಲ ರಂಗದ ಮೇಲೂ ಅದರಾಚೆಯ ಮಣ್ಣಿನ ಮೇಲೂ ಚೆಲ್ಲಿತು. ಜನರು ನಕ್ಕರು; ಪರದೆ ಸರಿಯಾದ ವೇಳೆಗೆ ಬಿದ್ದಿತು. ಬಳಿಕ ತಂದೆತಾಯಿಗಳು ಮಕ್ಕಳನ್ನು ಅಪ್ಪಿಕೊಂಡು ಚಿತ್ರಗಳನ್ನು ತೆಗೆದುಕೊಂಡರು. ವ್ಯಾಪಾರಿಯು ಮಗನನ್ನು ಹುಡುಕುತ್ತ ರಂಗದ ಹಿಂದಕ್ಕೆ ಹೋದನು. ಅಲ್ಲಿ ಒಂದು ದೀಪದ ಕೆಳಗೆ ಮಗನೂ, ಲಕ್ಕಮ್ಮನ ಸೀರೆಯನ್ನು ಇನ್ನೂ ಬಿಚ್ಚದ ಆ ಹುಡುಗಿಯೂ ಕುಕ್ಕುರುಗಾಲಿನಲ್ಲಿ ಕುಳಿತು ಅಕ್ಕಿ ಆಯುತ್ತಿದ್ದರು.

“ಏಳಪ್ಪಾ, ಹೊತ್ತಾಯಿತು. ಎರಡು ಸೇರು ಅಕ್ಕಿಗೇನು, ನಾಳೆ ಒಂದು ಚೀಲವನ್ನೇ ಕಳಿಸಿಕೊಡುತ್ತೇನೆ” ಎಂದನು ತಂದೆ.

“ಇದು ಅಡುಗೆಮನೆಯದು ಅಪ್ಪಾ, ಅಳೆದು ಕೊಡುತ್ತೇನೆಂದು ಹೇಳಿದ್ದೇನೆ” ಎಂದು ಹುಡುಗನು ತಲೆಯೆತ್ತದೆ ನುಡಿದನು. “ನಿಮ್ಮ ಅಕ್ಕಿ ಬೇರೆ.”

ವ್ಯಾಪಾರಿಯು ಉತ್ತರ ಹುಡುಕುತ್ತಿರುವಾಗ ಹಮಾಲನು ಮಗಳನ್ನರಸಿ ಅಲ್ಲಿಗೆ ಬಂದನು. ಅವನು ಯಾರನ್ನೂ ಏನೂ ಕೇಳಲಿಲ್ಲ. ಚೆಲ್ಲಿದ ಧಾನ್ಯವನ್ನು ಕಂಡರೆ ಅವನ ಕೈ ತಾನಾಗಿಯೇ ಬಾಗುತ್ತಿತ್ತು. ತಲೆಯ ವಸ್ತ್ರವನ್ನು ನೆಲಕ್ಕೆ ಹಾಸಿ ಮಕ್ಕಳ ಪಕ್ಕದಲ್ಲಿ ಕುಳಿತನು. “ಸಾಹುಕಾರರೇ, ಆ ದೀಪವನ್ನು ಸ್ವಲ್ಪ ಈಚೆಗೆ ಹಿಡಿಯಿರಿ, ಕಲ್ಲು ಯಾವುದು ಅಕ್ಕಿ ಯಾವುದು ಕಾಣುವುದಿಲ್ಲ” ಎಂದನು. ಪೇಟೆಯಲ್ಲಿ ಅವನು ಎಂದೂ ಆ ದನಿಯಲ್ಲಿ ಮಾತಾಡಿದವನಲ್ಲ. ವ್ಯಾಪಾರಿಯು ಫೋನಿನ ದೀಪವನ್ನು ಹೊತ್ತಿಸಿ ಹಿಡಿದನು. ನಿಂತು ಹಿಡಿದರೆ ನೆರಳು ಬೀಳುತ್ತಿತ್ತು, ಕುಳಿತನು.

ಅಜ್ಜಿಯು ಮೊಮ್ಮಗನನ್ನು ಕಾಣದೆ ಕೋಲೂರಿಕೊಂಡು ಹಿಂದಿನ ಬಾಗಿಲಿಗೆ ಬಂದಾಗ ನಾಲ್ವರೂ ನೆಲದ ಮೇಲೆ ಕುಳಿತಿದ್ದರು. ಅವಳು ಮೊದಲು ಹುಡುಗನ ಹಣೆಯನ್ನು ನೋಡಿದಳು. ಬೆವರಿನಿಂದ ಅರ್ಧ ಅಳಿಸಿದ್ದರೂ ವಿಭೂತಿಯು ಇತ್ತು. ಆಮೇಲೆ ವಸ್ತ್ರದ ಮೇಲಿನ ಅಕ್ಕಿಯನ್ನು ಬೆರಳಿನಿಂದ ಕದಡಿ, ಮಣ್ಣು ಬಹಳವಿದೆಯೆಂದು ಹೇಳಿ, ರಂಗದ ಮೇಲೆ ಬಿದ್ದಿದ್ದ ಮೊರವನ್ನು ತರಿಸಿದಳು. ಗೋಡೆಗೆ ಒರಗಿ ಕುಳಿತು ಅವಳು ಕೇರಿದ ಅಕ್ಕಿಯನ್ನು ಹುಡುಗನು ಸೇರಿನಲ್ಲಿ ಅಳೆದನು. ಎರಡು ಸೇರಿಗೆ ಒಂದು ಹಿಡಿ ಕಡಿಮೆ ಬಂದಿತು. ಹುಡುಗನೂ ಹುಡುಗಿಯೂ ದೀಪ ಹಿಡಿದುಕೊಂಡು ಮತ್ತೆ ಅಂಗಳಕ್ಕೆ ಇಳಿದರು.